ಸ್ಟೇಡಿಯಂಗೆ ಯಾರನ್ನು ಕರೆಯಬೇಕು? ಮಧ್ಯಮ ಮಟ್ಟದ ಕಾಲೇಜು ಫುಟ್ಬಾಲ್ ತಂಡದ ಆ ನಾಲ್ಕು ಪಂದ್ಯಗಳು

2024ರ ನವೆಂಬರ್ 29, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಸ್ಟೇಡಿಯಂ ಪಕ್ಕದ ಪಾರ್ಕಿಂಗ್‌ನಲ್ಲಿ ನಮ್ಮ ಕಾರಿನ ಡಿಕ್ಕಿ ತೆರೆದಿತ್ತು. ಒಂದು ಫಾಯಿಲ್ ಟ್ರೇಯಲ್ಲಿ ಪುಳಿಯೋಗರೆ, ಇನ್ನೊಂದರಲ್ಲಿ ಮದ್ದೂರು ವಡೆ. ಒಂದು ಪಕ್ಕ ದಾವಣಗೆರೆಯ ಗೆಳೆಯ. ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂಎಸ್ ಮಾಡಿದವನು, ನೀಲಿ ಅಂಗಿ ಹಾಕಿಕೊಂಡು ನಿಂತಿದ್ದ. ಅವನ ಎದುರಿಗೆ ಅವನದೇ ಟೀಮಿನ ಸಹೋದ್ಯೋಗಿ, ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದವಳು, ಕೆಂಪು ಅಂಗಿ. ಸೋತವರು ಸೋಮವಾರ ಊಟ ಕೊಡಿಸಬೇಕು ಎಂದು ಮಾತಾಗಿತ್ತು. ಸ್ಯಾನ್ ಹೋಸೆ ಸ್ಟೇಟ್ 34-31ರಿಂದ ಗೆದ್ದಿತು. ಸೋಮವಾರ ಊಟದ ಬಿಲ್ ಕೆಂಪು ಅಂಗಿಯ ಕಡೆಗೆ ಹೋಯಿತು.

ಅವತ್ತು ಮನಸ್ಸಿನಲ್ಲಿ ಕೂತ ವಿಷಯವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಅಮೆರಿಕನ್ ಫುಟ್ಬಾಲ್ ಆಡುವ ಮಧ್ಯಮ ಮಟ್ಟದ ಕಾಲೇಜು ತಂಡಕ್ಕೆ ಜನ ಸೇರಿಸುವ ಕೆಲಸ ಪೋಸ್ಟರಿನಿಂದ, ಟಿ-ಶರ್ಟಿನಿಂದ ಶುರುವಾಗುವುದಿಲ್ಲ. ಯಾರ ಜೊತೆ, ಎಲ್ಲಿ, ಯಾವ ದಿನ ಆಡುತ್ತೀರಿ ಅನ್ನುವ ಕಾಗದ ಸಹಿಯಾಗುತ್ತದಲ್ಲ, ಅಲ್ಲಿಂದ ಶುರುವಾಗುತ್ತದೆ. ನನ್ನ ಪ್ರಕಾರ ಅತಿ ಬೆಲೆಬಾಳುವ ಎದುರಾಳಿ ಅತಿ ಪ್ರಸಿದ್ಧವಾದ ತಂಡವಲ್ಲ, ಅತಿ ಹತ್ತಿರದ ತಂಡ. ಊರಿನ ಕಬಡ್ಡಿ ನೋಡಿದವರಿಗೆ ಇದು ಹೊಸದಲ್ಲ. ರಾಜ್ಯ ಚಾಂಪಿಯನ್ ಬಂದರೆ ಜನ ನೋಡಲು ಬರುತ್ತಾರೆ. ಪಕ್ಕದೂರಿನ ತಂಡ ಬಂದರೆ ಗಂಟಲು ಹರಿಯುವಷ್ಟು ಕೂಗಲು ಬರುತ್ತಾರೆ.

ಇದು ಯಾರಿಗಾಗಿ ಅಂದರೆ, ಅಮೆರಿಕದ ಇಂಥ ವಿಶ್ವವಿದ್ಯಾಲಯಗಳಲ್ಲಿ ಓದಿ ಅಲ್ಲೇ ನೆಲೆಸಿದ ನಮ್ಮವರಿಗೆ, ಮಕ್ಕಳನ್ನು ಅಲ್ಲಿಗೆ ಸೇರಿಸಿದ ಅಪ್ಪ ಅಮ್ಮಂದಿರಿಗೆ, ಹಳೆ ವಿದ್ಯಾರ್ಥಿ ಸಂಘದಲ್ಲಿ ಒಂದು ಮಾತು ಹೇಳುವ ಅವಕಾಶ ಇರುವವರಿಗೆ.

ಮೊದಲು ಲೆಕ್ಕ

ಮೇಲಿನ ದರ್ಜೆಯಲ್ಲಿ, ಅಂದರೆ ಎಫ್‌ಬಿಎಸ್‌ನಲ್ಲಿ, 130ಕ್ಕೂ ಹೆಚ್ಚು ತಂಡಗಳಿವೆ. ಅದರಲ್ಲಿ ಸುಮಾರು ಅರ್ಧದಷ್ಟು ದೊಡ್ಡ ಹಣದ ಕಾನ್ಫರೆನ್ಸ್‌ಗಳಿಗೆ, ಅಂದರೆ ತಮ್ಮತಮ್ಮಲ್ಲೇ ಆಡುವ ತಂಡಗಳ ಕೂಟಗಳಿಗೆ, ಸೇರಿದವು. ಉಳಿದವು ನಮ್ಮ ಸ್ಯಾನ್ ಹೋಸೆ ಸ್ಟೇಟ್ ಥರದವು. ಒಂದು ಸೀಸನ್‌ಗೆ 12 ಪಂದ್ಯ. ಸಾಮಾನ್ಯವಾಗಿ 8 ಪಂದ್ಯಗಳನ್ನು ಕಾನ್ಫರೆನ್ಸೇ ನಿಗದಿ ಮಾಡುತ್ತದೆ. ಕಾಲೇಜಿನ ಕೈಯಲ್ಲಿ ಉಳಿಯುವುದು ನಾಲ್ಕು. ವರ್ಷದ ಕೊನೆಗೆ ಬೌಲ್ ಅನ್ನುವ ವಿಶೇಷ ಪಂದ್ಯಕ್ಕೆ ಹೋಗಲು 6 ಗೆಲುವು ಬೇಕು. ಅಂದರೆ ಈ ನಾಲ್ಕರಲ್ಲಿ ಹಣ ಬರಬೇಕು, ಗೆಲುವು ಬರಬೇಕು, ಜನವೂ ಬರಬೇಕು. ಮೂರೂ ಒಂದೇ ಪಂದ್ಯದಲ್ಲಿ ಸಿಗುವುದು ಬಹಳ ಅಪರೂಪ.

ದುಡ್ಡಿಗಾಗಿ ಹೋಗುವ ಪಂದ್ಯ

ಇದಕ್ಕೆ ಗ್ಯಾರಂಟಿ ಗೇಮ್ ಅನ್ನುತ್ತಾರೆ. ದೊಡ್ಡ ತಂಡ ತನ್ನ ಮನೆಯಂಗಳಕ್ಕೆ ಕರೆಯುತ್ತದೆ, ದುಡ್ಡು ಕೊಡುತ್ತದೆ, ವಾಪಸ್ ನಿಮ್ಮೂರಿಗೆ ಬರುವುದಿಲ್ಲ. ಮೊತ್ತ ಸಣ್ಣದೇನಲ್ಲ. 2022ರಲ್ಲಿ ಟೆಕ್ಸಸ್ ಎ ಅಂಡ್ ಎಂ ಮೈದಾನಕ್ಕೆ ಹೋಗಿದ್ದಕ್ಕೆ ನಾರ್ತ್ ಕ್ಯಾರೊಲೈನಾ ರಾಜ್ಯದ ಮಧ್ಯಮ ಮಟ್ಟದ ತಂಡ ಅಪಲಾಚಿಯನ್ ಸ್ಟೇಟ್‌ಗೆ 15 ಲಕ್ಷ ಡಾಲರ್ ಸಿಕ್ಕಿತು. ಅದೇ ದಿನ ನಾಟ್ರ ಡೇಮ್‌ಗೆ ಹೋದ ಮಾರ್ಷಲ್‌ಗೆ ಸಿಕ್ಕಿದ್ದು 12.5 ಲಕ್ಷ. ಇಬ್ಬರೂ ದುಡ್ಡೂ ತಂದರು, ಗೆದ್ದೂ ಬಂದರು. 2024ರಲ್ಲಿ ನಾರ್ದರ್ನ್ ಇಲಿನಾಯ್ ಕೂಡ ನಾಟ್ರ ಡೇಮ್ ಮೇಲೆ 16-14ರಿಂದ ಗೆದ್ದಿತು.

ಈ ಕಥೆಗಳನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಇವು ಸುದ್ದಿಯಾಗುವುದೇ ಅಪರೂಪವಾದ್ದರಿಂದ. ಸ್ಯಾನ್ ಹೋಸೆ ಸ್ಟೇಟ್ 2023ರಲ್ಲಿ ಲಾಸ್ ಏಂಜಲೀಸ್‌ಗೆ ಹೋಗಿ ಯುಎಸ್‌ಸಿ ಎದುರು 56-28ರಿಂದ ಸೋತಿತು. 2025ರಲ್ಲಿ ಆಸ್ಟಿನ್‌ಗೆ ಹೋಗಿ ಟೆಕ್ಸಸ್ ಎದುರು 38-7. ಹೆಚ್ಚಿನ ವರ್ಷ ಕಥೆ ಹೀಗೇ. ಸೋಲಿಗಿಂತ ಜಾಸ್ತಿ ಚಿಂತೆ ಗಾಯಗಳದ್ದು. ಎದುರಿನ ಸಾಲಿನಲ್ಲಿ ದೈತ್ಯರೇ ಇರುತ್ತಾರೆ, ಬೆಂಚಿನ ಮೇಲೆ ಇನ್ನೊಂದು ಸಾಲು ದೈತ್ಯರು ಕಾಯುತ್ತಿರುತ್ತಾರೆ. ನಮ್ಮ ಕಡೆ ಒಬ್ಬ ಒಳ್ಳೆಯ ಲೈನ್‌ಮನ್‌ನ ಮಂಡಿ ಹೋದರೆ ಕಾನ್ಫರೆನ್ಸ್ ಪಂದ್ಯಗಳೂ ಹೋದ ಹಾಗೆ.

ಹೀಗೆ ಗೆದ್ದಾಗಲೂ ಊರಿಗೆ ಏನು ಸಿಗುತ್ತದೆ? 2007ರ ಸೆಪ್ಟೆಂಬರ್ 1ರಂದು ಅಪಲಾಚಿಯನ್ ಸ್ಟೇಟ್ 4 ಲಕ್ಷ ಡಾಲರ್‌ಗೆ ಮಿಶಿಗನ್‌ಗೆ ಹೋಗಿ, ಒಂದು ಲಕ್ಷಕ್ಕೂ ಹೆಚ್ಚು ಜನರ ಎದುರು, ದೇಶದ 5ನೇ ಸ್ಥಾನದ ತಂಡವನ್ನು 34-32ರಿಂದ ಸೋಲಿಸಿತು. ಆಗ ಅದು ಕೆಳಗಿನ ದರ್ಜೆಯ ತಂಡ. ಅತ್ತ ಅವರ ಊರು ಬೂನ್‌ನಲ್ಲಿ ಉಳಿದಿದ್ದ ವಿದ್ಯಾರ್ಥಿಗಳು ತಮ್ಮದೇ ಖಾಲಿ ಸ್ಟೇಡಿಯಂಗೆ ನುಗ್ಗಿದರು. ಗೋಲ್ ಪೋಸ್ಟ್ ಕಿತ್ತರು. ಅದನ್ನು ಹೊತ್ತುಕೊಂಡು ಹೋಗಿ ಚಾನ್ಸಲರ್ ಮನೆ ಅಂಗಳದಲ್ಲಿ ಇಟ್ಟರು. ಆ ದೃಶ್ಯ ನೆನೆದರೆ ನನಗೆ ಸಂತೋಷವೂ ಆಗುತ್ತದೆ, ಹೊಟ್ಟೆಯೊಳಗೆ ಸ್ವಲ್ಪ ಸಂಕಟವೂ ಆಗುತ್ತದೆ. ಅಷ್ಟು ದೊಡ್ಡ ಗೆಲುವು, ಸ್ವಂತ ಊರಿನ ಸ್ಟೇಡಿಯಂನಲ್ಲಿ ಟಿಕೆಟ್ ಕೊಂಡು ಕೂತು ನೋಡುವ ಭಾಗ್ಯ ಅವರಿಗಿರಲಿಲ್ಲ.

ಹಾಗಂತ ಈ ಪಂದ್ಯವೇ ಬೇಡ ಅನ್ನಲಾರೆ. 2025ರ ಜುಲೈನಿಂದ ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮಧ್ಯಮ ಮಟ್ಟದ ಕಾಲೇಜಿಗೆ ಆ ಹಣ ಎಲ್ಲಿಂದಲೋ ಬರಬೇಕಲ್ಲ. ವರ್ಷಕ್ಕೆ ಒಂದು ಸಾಕು. ಎರಡು ಒಪ್ಪಿಕೊಂಡರೆ ಸೀಸನ್ ಶುರುವಾಗುವ ಹೊತ್ತಿಗೇ ಎರಡು ಸೋಲು, ಅಭಿಮಾನಿಗಳ ಉತ್ಸಾಹ ತಣ್ಣಗೆ. ಇನ್ನೊಂದು ಮಾತು, ಈ ಬಾಗಿಲು ಸಣ್ಣದಾಗುತ್ತಿದೆ. ದೊಡ್ಡ ಕಾನ್ಫರೆನ್ಸ್‌ಗಳಲ್ಲಿ ಒಂದಾದ ಎಸ್‌ಇಸಿ 2026ರಿಂದ ತನ್ನ ತಂಡಗಳಿಗೆ 9 ಕಾನ್ಫರೆನ್ಸ್ ಪಂದ್ಯ ಇಟ್ಟಿದೆ. ಅದರ ಮೇಲೆ ಇನ್ನೊಂದು ದೊಡ್ಡ ಕಾನ್ಫರೆನ್ಸಿನ ತಂಡದ ಜೊತೆಗೂ ಆಡಲೇಬೇಕು. ಸಣ್ಣವರನ್ನು ದುಡ್ಡು ಕೊಟ್ಟು ಕರೆಯಲು ಅವರ ಹತ್ತಿರ ಜಾಗವೇ ಕಮ್ಮಿಯಾಗುತ್ತದೆ. ಈ ಆದಾಯವನ್ನೇ ನಂಬಿ ಬಜೆಟ್ ಮಾಡುವವರು ಹಾಸಿಗೆ ನೋಡಿಕೊಂಡು ಕಾಲು ಚಾಚಬೇಕು.

ಕೆಳಗಿನ ದರ್ಜೆಯವರನ್ನು ಮನೆಗೆ ಕರೆಯುವುದು

ಕೆಳಗಿನ ದರ್ಜೆಯ, ಅಂದರೆ ಎಫ್‌ಸಿಎಸ್, ತಂಡಕ್ಕೆ ನೀವೇ ಕೆಲವು ಲಕ್ಷ ಡಾಲರ್ ಕೊಟ್ಟು ಕರೆಸುತ್ತೀರಿ. ಹೆಚ್ಚಾಗಿ ಗೆಲ್ಲುತ್ತೀರಿ. ಇಲ್ಲಿ ಒಂದು ನಿಯಮ ನೆನಪಿಡಬೇಕು: ಬೌಲ್‌ಗೆ ಬೇಕಾದ 6 ಗೆಲುವಿನಲ್ಲಿ ಎಫ್‌ಸಿಎಸ್ ಮೇಲಿನ ಗೆಲುವು ಒಂದೇ ಲೆಕ್ಕಕ್ಕೆ ಬರುತ್ತದೆ.

ಇದರ ಪೆಟ್ಟು ಎಂಥದ್ದು ಅಂತ ನೋಡಬೇಕಾದರೆ ಮತ್ತೆ ಅಪಲಾಚಿಯನ್ ಸ್ಟೇಟ್ ಹತ್ತಿರ ಹೋಗಬೇಕು. 2022ರಲ್ಲಿ ಅವರು 6ನೇ ಸ್ಥಾನದ ಟೆಕ್ಸಸ್ ಎ ಅಂಡ್ ಎಂ ತಂಡವನ್ನು ಅವರ ಮನೆಯಲ್ಲೇ 17-14ರಿಂದ ಸೋಲಿಸಿದರು. ಮುಂದಿನ ವಾರ ಇಎಸ್‌ಪಿಎನ್‌ನವರ ಕಾಲೇಜ್ ಗೇಮ್‌ಡೇ ಕಾರ್ಯಕ್ರಮ ಆ ಪುಟ್ಟ ಗುಡ್ಡಗಾಡಿನ ಊರಿಗೇ ಬಂತು. ಅವತ್ತು ಟ್ರಾಯ್ ಎದುರು ಕೊನೆಯ ಎಸೆತದಲ್ಲಿ 32-28ರ ಗೆಲುವು. ದೇಶವೆಲ್ಲ ಅವರ ಹೆಸರು ಹೇಳುತ್ತಿತ್ತು. ಆ ಸೀಸನ್ ಮುಗಿದದ್ದು 6 ಗೆಲುವು, 6 ಸೋಲಿನಲ್ಲಿ. ಆರು ಇತ್ತಲ್ಲ ಅಂತೀರಾ? ಅದರಲ್ಲಿ ಎರಡು ಎಫ್‌ಸಿಎಸ್ ತಂಡಗಳ ಮೇಲಿನ ಗೆಲುವು, ಸಿಟಾಡೆಲ್ ಮತ್ತು ರಾಬರ್ಟ್ ಮಾರಿಸ್. ಒಂದು ಲೆಕ್ಕಕ್ಕೆ ಬಂತು, ಇನ್ನೊಂದು ಬರಲಿಲ್ಲ. ಬೌಲ್ ತಪ್ಪಿಹೋಯಿತು. ಮೈದಾನದಲ್ಲಿ ಅಷ್ಟೆಲ್ಲ ಮಾಡಿದ ಹುಡುಗರ ಡಿಸೆಂಬರ್ ಹೋದದ್ದು ವೇಳಾಪಟ್ಟಿಯ ಒಂದು ಸಾಲಿನಿಂದ.

ಹಾಗಾಗಿ ಇದು ಒಂದೇ ಇರಲಿ, ಅದೂ ಹತ್ತಿರದ್ದಿರಲಿ. ಸ್ಯಾನ್ ಹೋಸೆಗೆ ಡೇವಿಸ್, ಕ್ಯಾಲ್ ಪಾಲಿ ತಂಡದ ಊರಾದ ಸ್ಯಾನ್ ಲೂಯಿಸ್ ಒಬಿಸ್ಪೊ ಎರಡೂ ಕಾರಿನಲ್ಲಿ ಹೋಗಿಬರುವ ದೂರ. 2023ರಲ್ಲಿ ಕ್ಯಾಲ್ ಪಾಲಿ ಮೇಲೆ 59-3ರ ಗೆಲುವು ಸಿಕ್ಕಿತು. ಆದರೆ 2018ರಲ್ಲಿ ಯುಸಿ ಡೇವಿಸ್ ಇದೇ ಸ್ಟೇಡಿಯಂಗೆ ಬಂದು 44-38ರಿಂದ ಗೆದ್ದು ಹೋಗಿದೆ. ಸುಲಭದ ತುತ್ತು ಅಂತ ಸುಮ್ನೆ ಕೂರುವ ಹಾಗಿಲ್ಲ.

ಎರಡು ಅಲ್ಲಿ, ಒಂದು ಇಲ್ಲಿ

ಟೂ ಫಾರ್ ಒನ್ ಒಪ್ಪಂದದಲ್ಲಿ ನೀವು ದೊಡ್ಡ ತಂಡದ ಊರಿಗೆ ಎರಡು ಸಲ ಹೋಗುತ್ತೀರಿ, ಅವರು ನಿಮ್ಮೂರಿಗೆ ಒಂದು ಸಲ ಬರುತ್ತಾರೆ. ಮೇಲ್ನೋಟಕ್ಕೆ ಅವಮಾನದ ಮಾತು ಅನ್ನಿಸಬಹುದು. ನಮ್ಮ ಮನೆಗೇ ಬರಲ್ಲ ಅನ್ನುವವರ ಮನೆಗೆ ನಾವು ಎರಡು ಸಲ ಯಾಕೆ ಹೋಗಬೇಕು ಅಂತ ಹಳೆ ವಿದ್ಯಾರ್ಥಿಗಳು ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ಅಭಿಪ್ರಾಯ ಬದಲಾದದ್ದು ನಾರ್ತ್ ಕ್ಯಾರೊಲೈನಾದ ಲೆಕ್ಕ ನೋಡಿದ ಮೇಲೆ. ಅಪಲಾಚಿಯನ್ ಸ್ಟೇಟ್ 2019 ಮತ್ತು 2023ರಲ್ಲಿ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಊರು ಚಾಪೆಲ್ ಹಿಲ್‌ಗೆ ಹೋಯಿತು. ನಡುವೆ 2022ರ ಸೆಪ್ಟೆಂಬರ್ 3ರಂದು ನಾರ್ತ್ ಕ್ಯಾರೊಲೈನಾ ಬೂನ್‌ಗೆ ಬಂತು. ಬೂನ್‌ನ ಕಿಡ್ ಬ್ರೂವರ್ ಸ್ಟೇಡಿಯಂ ಇರುವುದೇ 30,000 ಜನಕ್ಕೆ. ಅವತ್ತು ಬಂದವರು 40,168. ಊರಿನ ಜನಸಂಖ್ಯೆಯ ಹತ್ತಿರ ಹತ್ತಿರ ಎರಡರಷ್ಟು. ಮನೆ ತಂಡ ಕೊನೆಯ ಕ್ವಾರ್ಟರ್ ಒಂದರಲ್ಲೇ 40 ಅಂಕ ಗಳಿಸಿಯೂ 63-61ರಿಂದ ಸೋತಿತು. ಸೋತ ಆಟ, ನಿಜ. ಅವತ್ತು ಅಪ್ಪನ ಹೆಗಲ ಮೇಲೆ ಕೂತು ನೋಡಿದ ಮಗು ಆ ತಂಡವನ್ನು ಜೀವನಪೂರ್ತಿ ಬಿಡುತ್ತದಾ, ಹೇಳಿ?

ಅದೇ ಸ್ಟೇಡಿಯಂಗೆ 2016ರಲ್ಲಿ ಮಯಾಮಿ ಬಂದಿತ್ತು. ದೊಡ್ಡ ಹೆಸರು, ದೂರದ ಊರು. 34,658 ಜನ ಬಂದರು, ಅದೂ ಆ ಹೊತ್ತಿಗೆ ದಾಖಲೆ. 45-10ರಿಂದ ಸೋತರು. ಹೆಸರಿಗೆ ಜನ ಬರುತ್ತಾರೆ ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಯಾಮಿಯವನು ನಿಮ್ಮ ಪಕ್ಕದ ಮನೆಯಲ್ಲಿ ಇರುವುದಿಲ್ಲ, ಸೋಮವಾರ ಆಫೀಸಿನಲ್ಲಿ ಸಿಗುವುದಿಲ್ಲ. ಚಾಪೆಲ್ ಹಿಲ್‌ನವನು ಅದೇ ರಾಜ್ಯದವನು, ಅಣ್ಣ ಅಲ್ಲಿ ಓದಿದ್ದರೆ ತಮ್ಮ ಬೂನ್‌ನಲ್ಲಿ ಓದಿರುತ್ತಾನೆ. ಟೂ ಫಾರ್ ಒನ್‌ಗೆ ಒಪ್ಪುವುದಾದರೆ ಇಂಥ ತಂಡಕ್ಕೆ ಒಪ್ಪಿ. ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ ಅಂತ ಎರಡು ಸಲ ವಿಮಾನ ಹತ್ತಬೇಡಿ.

ಸಹಿ ಹಾಕುವ ಮುಂಚೆ ಒಂದು ಸಾಲು ಓದಿ: ಬೈಔಟ್, ಅಂದರೆ ಒಪ್ಪಂದ ಮುರಿದವರು ಕೊಡಬೇಕಾದ ಮೊತ್ತ. ಈ ಒಪ್ಪಂದಗಳು ಎಷ್ಟೋ ವರ್ಷ ಮೊದಲೇ ಆಗುತ್ತವೆ. ದೊಡ್ಡವರು ತಮ್ಮ ಎರಡು ಪಂದ್ಯ ಮುಗಿಸಿಕೊಂಡು, ನಿಮ್ಮೂರಿಗೆ ಬರುವ ವರ್ಷ ಸಣ್ಣ ಮೊತ್ತ ಬಿಸಾಕಿ ಕೈತೊಳೆದುಕೊಳ್ಳುವಂತಿರಬಾರದು. ಅವರು ನಿಮ್ಮಲ್ಲಿಗೆ ಬರುವ ಪಂದ್ಯ ಮೊದಲನೆಯದೋ ಎರಡನೆಯದೋ ಆಗಿರಲಿ, ಕೊನೆಯದಾಗುವುದು ಬೇಡ.

ಸರಿಸಮಾನರ ಜೊತೆ, ಅವರಲ್ಲೊಮ್ಮೆ ನಮ್ಮಲ್ಲೊಮ್ಮೆ

ಹೋಮ್ ಅಂಡ್ ಹೋಮ್. ದುಡ್ಡು ಕಮ್ಮಿ, ಗೆಲ್ಲುವ ಅವಕಾಶ ಅರ್ಧರ್ಧ. ಕೇಳಲು ಸಪ್ಪೆ. ಆದರೆ ಎದುರಾಳಿ ಸರಿಯಾಗಿದ್ದರೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ ಅಂತ ನಾನು ಪೂರ್ತಿ ನಂಬುತ್ತೇನೆ.

ಸ್ಟ್ಯಾನ್‌ಫರ್ಡ್ ಇರುವುದು ಸ್ಯಾನ್ ಹೋಸೆಯಿಂದ ಸುಮಾರು 20 ಮೈಲಿ ದೂರದಲ್ಲಿ. ಈ ಪಂದ್ಯಕ್ಕೆ ಬಿಲ್ ವಾಲ್ಶ್ ಹೆಸರು ಇಟ್ಟಿದ್ದಾರೆ. ಅವರು ಸ್ಯಾನ್ ಹೋಸೆ ಸ್ಟೇಟ್‌ನಲ್ಲಿ ಓದಿ ಆಡಿದವರು, ಸ್ಟ್ಯಾನ್‌ಫರ್ಡ್‌ಗೆ ಕೋಚ್ ಆದವರು, ಆಮೇಲೆ ವೃತ್ತಿಪರ ತಂಡವಾದ 49ಅರ್ಸ್‌ಗೆ ಮೂರು ಸೂಪರ್ ಬೌಲ್ ಪ್ರಶಸ್ತಿ ತಂದುಕೊಟ್ಟವರು. 2024ರಲ್ಲಿ ನಮ್ಮಲ್ಲಿ 34-31, ಗೆಲುವು ನಮ್ಮದು. 2025ರಲ್ಲಿ ಅವರಲ್ಲಿ 30-29, ಗೆಲುವು ಅವರದು. ಎರಡು ವರ್ಷದ ಅಂತರ ಕೂಡಿದರೂ ನಾಲ್ಕೇ ಅಂಕ! ಸ್ಟ್ಯಾನ್‌ಫರ್ಡ್ ಈಗ ಅಟ್ಲಾಂಟಿಕ್ ದಂಡೆಯ ಎಸಿಸಿ ಕಾನ್ಫರೆನ್ಸಿನಲ್ಲಿದೆ, ಪಂದ್ಯಕ್ಕೆಂದು ದೇಶದ ಆ ತುದಿಗೆ ಹಾರಬೇಕು. ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಪಂದ್ಯ ಅವರಿಗೂ ಬೇಕು. ಬರ್ಕ್ಲಿ ವಿಶ್ವವಿದ್ಯಾಲಯದ ಕ್ಯಾಲ್ ತಂಡಕ್ಕೂ ಅದೇ ಸ್ಥಿತಿ. ಮಾತುಕತೆಗೆ ಕೂತಾಗ ಈ ಅಂಶವನ್ನು ಮೇಜಿನ ಮೇಲಿಡಬೇಕು.

ಇನ್ನು ಫ್ರೆಸ್ನೊ ಸ್ಟೇಟ್. ಇಲ್ಲಿ ನನ್ನ ಮನಸ್ಸು ಸ್ವಲ್ಪ ಭಾರ. 2013ರಲ್ಲಿ, ಅದೂ ನವೆಂಬರ್ 29ನೇ ತಾರೀಖೇ, ಒಂದೂ ಸೋಲದೆ ಬಂದಿದ್ದ ಫ್ರೆಸ್ನೊವನ್ನು ಸ್ಯಾನ್ ಹೋಸೆ ಸ್ಟೇಟ್ 62-52ರಿಂದ ಸೋಲಿಸಿತು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಆಗಿ ಆ ಕಡೆ ಡೆರೆಕ್ ಕಾರ್, ಈ ಕಡೆ ಡೇವಿಡ್ ಫೇಲ್ಸ್. ಈಗಲೂ ಹಳಬರು ಸೇರಿದರೆ ಆ ಆಟದ ಮಾತು ಬಂದೇ ಬರುತ್ತದೆ. ಇಷ್ಟು ದಿನ ಎರಡೂ ತಂಡ ಒಂದೇ ಕಾನ್ಫರೆನ್ಸ್. ಆದರೆ 2026ರಿಂದ ಫ್ರೆಸ್ನೊ, ಬಾಯ್ಸಿ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್ ಎಲ್ಲ ಪ್ಯಾಕ್-12 ಕಾನ್ಫರೆನ್ಸಿಗೆ. ಸ್ಯಾನ್ ಹೋಸೆ ಮೌಂಟನ್ ವೆಸ್ಟ್‌ನಲ್ಲೇ ಉಳಿದಿದೆ. ಬದಲಿಗೆ ಬಂದವರಲ್ಲಿ ಟೆಕ್ಸಸ್‌ನ ಎಲ್ ಪಾಸೊ ತಂಡವಿದೆ, ಫುಟ್ಬಾಲ್‌ಗೆ ಮಾತ್ರ ಸೇರಿದ ನಾರ್ದರ್ನ್ ಇಲಿನಾಯ್ ಇದೆ. ಒಳ್ಳೆಯ ತಂಡಗಳೇ. ಆದರೆ ಒಂದರಿಂದ ಎರಡು ಸಾವಿರ ಮೈಲಿ ದೂರದಿಂದ ಅವರ ಎಷ್ಟು ಅಭಿಮಾನಿಗಳು ಬಂದಾರು? ಇಷ್ಟು ದಿನ ತಾನಾಗೇ ಸಿಗುತ್ತಿದ್ದ ಫ್ರೆಸ್ನೊವನ್ನು ಇನ್ನು ಮೇಲೆ ಈ ನಾಲ್ಕರಲ್ಲಿ ಒಂದು ಜಾಗ ಕೊಟ್ಟು ಉಳಿಸಿಕೊಳ್ಳಬೇಕು. ಸುಮಾರು 150 ಮೈಲಿ, ಬೆಳಗ್ಗೆ ಹೊರಟರೆ ಆಟ ನೋಡಿ ರಾತ್ರಿ ಮನೆಗೆ.

ಟಿವಿಗೋ, ಜನಕ್ಕೋ

ದಿನ ಮತ್ತು ಸಮಯವೂ ಎದುರಾಳಿಯಷ್ಟೇ ಮುಖ್ಯ. ಮಿಡ್-ಅಮೆರಿಕನ್ ಕಾನ್ಫರೆನ್ಸ್ ನವೆಂಬರ್‌ನಲ್ಲಿ ಮಂಗಳವಾರ, ಬುಧವಾರ ರಾತ್ರಿ ಆಡುತ್ತದೆ. ಆ ದಿನ ಬೇರೆ ಆಟ ಇಲ್ಲದ್ದರಿಂದ ದೇಶವೇ ಟಿವಿಯಲ್ಲಿ ನೋಡುತ್ತದೆ. ಕೊರೆಯುವ ಚಳಿಯಲ್ಲಿ, ಮಾರನೇ ದಿನ ಶಾಲೆ ಇಟ್ಟುಕೊಂಡು, ಸ್ಟೇಡಿಯಂಗೆ ಬರುವವರು ಮಾತ್ರ ಬೆರಳೆಣಿಕೆ. ಹೆಸರು ಬೇಕಾದ ತಂಡಕ್ಕೆ ಒಂದೆರಡು ಸಲ ಇದು ಸರಿ.

ನಮ್ಮಲ್ಲಿ ಶುಕ್ರವಾರ ರಾತ್ರಿಯ ಆಟದ ಸಂಕಟ ಏನು ಅಂತ ಫ್ರೀಮಾಂಟ್‌ನಲ್ಲಿ ಇರುವವರನ್ನು ಕೇಳಿ. ಸಂಜೆ ಐದಕ್ಕೆ 880 ಹೆದ್ದಾರಿಗೆ ಇಳಿದರೆ ಮುಂದಿನ ಕಾರಿನ ಕೆಂಪು ದೀಪ ನೋಡುವುದೇ ಆಟ. ಹಿಂದಿನ ಸೀಟಿನಲ್ಲಿ ಮಕ್ಕಳು ಹಸಿವಾಗುತ್ತಿದೆ ಅನ್ನುತ್ತಾರೆ. ಒಳಗೆ ಹೋಗಿ ಕೂರುವಷ್ಟರಲ್ಲಿ ಮೊದಲ ಕ್ವಾರ್ಟರ್ ಮುಗಿದಿರುತ್ತದೆ. ಶನಿವಾರ ಮಧ್ಯಾಹ್ನದ ಆಟ ಆದರೆ ಅದೇ ಕುಟುಂಬ ಎರಡು ಗಂಟೆ ಮೊದಲೇ ಬಂದು ಡಿಕ್ಕಿ ತೆರೆದು ಊಟ ಹಂಚುತ್ತದೆ. ಟಿವಿ ಒಪ್ಪಂದ ಕಾನ್ಫರೆನ್ಸಿನ ಕೈಯಲ್ಲಿರುತ್ತದೆ, ಎಲ್ಲ ನಮ್ಮಿಷ್ಟದಂತೆ ಆಗುವುದಿಲ್ಲ. ಆದರೂ ಹತ್ತಿರದ ಎದುರಾಳಿಯ ಪಂದ್ಯವೊಂದನ್ನಾದರೂ ಶನಿವಾರಕ್ಕೆ ಹಟ ಹಿಡಿದು ಕೇಳಬೇಕು, ಇಲ್ಲವಾದರೆ ರಜೆಯ ದಿನಕ್ಕೆ.

ಉಚಿತ ಟಿಕೆಟ್, ಅಗ್ಗದ ಟಿಕೆಟ್, ಮತ್ತು ನಮ್ಮ ಜನ

ಸ್ಯಾನ್ ಹೋಸೆಯ ಕಷ್ಟ ಬೂನ್‌ಗೆ ಇಲ್ಲ. ಇಲ್ಲಿ ಬಹುತೇಕ ವಿದ್ಯಾರ್ಥಿಗಳು ಮನೆಯಿಂದ ಬಂದು ಹೋಗುವವರು. ಕೆಲವೇ ಮೈಲಿ ದೂರದಲ್ಲಿ 49ಅರ್ಸ್, ಪೇಟೆಯೊಳಗೇ ಶಾರ್ಕ್ಸ್ ಹಾಕಿ, ಅರ್ತ್‌ಕ್ವೇಕ್ಸ್ ಸಾಕರ್. 1933ರಲ್ಲಿ ಶುರುವಾದ ಸ್ಟೇಡಿಯಂನಲ್ಲಿ ಕೆಲವು ವರ್ಷಗಳ ಹಿಂದಿನವರೆಗೆ ಸುಮಾರು 30,000 ಜನಕ್ಕೆ ಜಾಗವಿತ್ತು. ಪೂರ್ವದ ಗ್ಯಾಲರಿ ಒಡೆದು ಹೊಸ ಕಟ್ಟಡ ಕಟ್ಟಿದ ಮೇಲೆ ಅದು ಬಹಳ ಇಳಿದಿದೆ. ಕೆಲವರಿಗೆ ಇದು ಬೇಸರ. ನನಗೆ ಸರಿಯೇ ಅನ್ನಿಸುತ್ತದೆ. ದೊಡ್ಡ ಸ್ಟೇಡಿಯಂನಲ್ಲಿ ಚದುರಿಹೋಗುವ ಜನವೇ ಸಣ್ಣದರಲ್ಲಿ ಒತ್ತಾಗಿ ಕೂತಾಗ ಸದ್ದೇ ಬೇರೆ.

ಎಲ್ಲರಿಗೂ ಉಚಿತ ಟಿಕೆಟ್ ಹಂಚುವುದು ನನಗೆ ಒಪ್ಪಿಗೆಯಿಲ್ಲ. ಕೈಯಿಂದ ಏನೂ ಕೊಡದವರು ಮೋಡ ಕಂಡರೂ ಮನೆಯಲ್ಲೇ ಉಳಿಯುತ್ತಾರೆ, ಕೊಂಡವರಿಗೆ ಮೋಸಹೋದ ಹಾಗೆ ಅನ್ನಿಸುತ್ತದೆ. ದೊಡ್ಡವರು ಒಂದು ಟಿಕೆಟ್ ಕೊಂಡರೆ ಮಗುವಿಗೆ ಉಚಿತ, ಇದು ಒಳ್ಳೆಯದು. ಎಂಟು ಹತ್ತು ಜನರ ಗುಂಪಿಗೆ ಒಟ್ಟಿಗೆ ಸೀಟು, ಇದು ಇನ್ನೂ ಒಳ್ಳೆಯದು. ಕನ್ನಡ ಕೂಟಗಳು ಪಿಕ್ನಿಕ್‌ಗೆ ಜನ ಸೇರಿಸುವ ಹಾಗೆ ಒಂದು ಪಂದ್ಯಕ್ಕೂ ಸೇರಿಸಬಹುದಲ್ವಾ?

ತಂಡದವರು ಇನ್ನೂ ಸರಿಯಾಗಿ ಮುಟ್ಟದ ಜನ ಅಂದರೆ ಭಾರತದಿಂದ ಎಂಎಸ್‌ಗೆ ಬಂದ ಮಕ್ಕಳು. ಕ್ಯಾಂಪಸ್‌ನಲ್ಲಿ ಎಲ್ಲಿ ನೋಡಿದರೂ ಇದ್ದಾರೆ, ಸ್ಟೇಡಿಯಂನಲ್ಲಿ ಇಲ್ಲ. ಕಾರಣ ಸರಳ, ಆಟ ಅರ್ಥವಾಗುವುದಿಲ್ಲ. ನಾನು ಹೀಗೆ ಹೇಳಿಕೊಡುತ್ತೇನೆ: ಕಬಡ್ಡಿಯಲ್ಲಿ ಗೆರೆ ದಾಟಿ ಎದುರಾಳಿಯ ಅಂಗಳಕ್ಕೆ ನುಗ್ಗುತ್ತೇವಲ್ಲ, ಇದೂ ಜಾಗ ಗೆಲ್ಲುವ ಆಟ. ನಾಲ್ಕು ಅವಕಾಶದಲ್ಲಿ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ. ಹೋಗದಿದ್ದರೆ ಚೆಂಡು ಅವರಿಗೆ. ಇಷ್ಟು ಗೊತ್ತಾದರೆ ಮೊದಲ ದಿನಕ್ಕೆ ಸಾಕು, ಮೂರನೇ ಅವಕಾಶ ಬಂದಾಗ ಎಲ್ಲರೂ ಯಾಕೆ ಎದ್ದು ನಿಲ್ಲುತ್ತಾರೆ ಅಂತ ತಿಳಿಯುತ್ತದೆ. ಕ್ರೀಡಾ ವಿಭಾಗದವರು ಅಡ್ಮಿಷನ್ ವಾರದಲ್ಲೇ ಇಪ್ಪತ್ತು ನಿಮಿಷದ ಇಂಥ ಪಾಠ ಇಟ್ಟು, ಮೊದಲ ಪಂದ್ಯದಲ್ಲಿ ಒಂದು ಸಾಲು ಸೀಟು ಕೊಟ್ಟರೆ ಸಾಕು.

ನೋಡಲು ಒಂದು ಮುಖವೂ ಬೇಕು. ನಿಕ್ ನ್ಯಾಶ್ ಮೊದಲು ಕ್ವಾರ್ಟರ್‌ಬ್ಯಾಕ್ ಆಗಿದ್ದ, ಆಮೇಲೆ ಚೆಂಡು ಹಿಡಿಯುವ ರಿಸೀವರ್ ಆದ, ಬೇರೆ ಕಾಲೇಜಿಗೆ ಹಾರದೆ ಇಲ್ಲೇ ಉಳಿದ. 2024ರಲ್ಲಿ 104 ಕ್ಯಾಚ್, 1,382 ಗಜ, 16 ಟಚ್‌ಡೌನ್. ಬೌಲ್ ಪಂದ್ಯಗಳು ಶುರುವಾಗುವ ಮುಂಚೆ ಮೂರರಲ್ಲೂ ದೇಶಕ್ಕೇ ಮೊದಲು. ನನ್ನ ಪಕ್ಕ ಕೂತ ಎಂಟು ವರ್ಷದ ಹುಡುಗಿಗೆ ಸ್ಕೋರ್ ಗೊತ್ತಿರಲಿಲ್ಲ, ಅವನ ನಂಬರ್ ಗೊತ್ತಿತ್ತು.

ನಾನು ಆರಿಸುವುದಾದರೆ

ಸ್ಯಾನ್ ಹೋಸೆಗೆ ನನ್ನ ನಾಲ್ಕು ಹೀಗೆ. ಒಂದು ಗ್ಯಾರಂಟಿ ಗೇಮ್, ಆದಷ್ಟು ಪಶ್ಚಿಮ ಕರಾವಳಿಯಲ್ಲೇ, ನಮ್ಮವರೂ ಕಾರಿನಲ್ಲಿ ಹೋಗಿ ನೋಡುವ ಹಾಗೆ. ಒಂದು ಎಫ್‌ಸಿಎಸ್, ಡೇವಿಸ್ ಅಥವಾ ಕ್ಯಾಲ್ ಪಾಲಿ, ಸೀಸನ್‌ನ ಮೊದಲ ಮನೆ ಪಂದ್ಯವಾಗಿ, ಹೊಸ ವಿದ್ಯಾರ್ಥಿಗಳ ಸಾಲು ಅವತ್ತೇ. ಉಳಿದ ಎರಡು ಸ್ಟ್ಯಾನ್‌ಫರ್ಡ್ ಮತ್ತು ಫ್ರೆಸ್ನೊ. ಒಂದು ಅವರಲ್ಲಿ ಇದ್ದ ವರ್ಷ ಇನ್ನೊಂದು ನಮ್ಮಲ್ಲಿ ಇರುವಂತೆ ಜೋಡಿಸಬೇಕು. ಆಗ ಪ್ರತಿ ವರ್ಷವೂ ಊರಿನವರಿಗೆ ಕಾಯಲು ಒಂದು ದಿನ ಇರುತ್ತದೆ.

ಸ್ಟ್ಯಾನ್‌ಫರ್ಡ್ ಎರಡು ಅಲ್ಲಿ ಒಂದು ಇಲ್ಲಿ ಅಂದರೆ? ಒಪ್ಪುತ್ತೇನೆ, 20 ಮೈಲಿ ತಾನೆ. ಫ್ರೆಸ್ನೊ ಹಾಗೆ ಅಂದರೆ ಒಪ್ಪುವುದಿಲ್ಲ. ಅವರು ನಮ್ಮ ಸರಿಸಮಾನರು, ಕಾನ್ಫರೆನ್ಸ್ ಬದಲಾದ ಮಾತ್ರಕ್ಕೆ ಅದು ಬದಲಾಗುವುದಿಲ್ಲ.